ನಾನು ನಿಲ್ಲಿಸಿಬಿಟ್ಟ ಕೆಮ್ಮು

ಮಗುವಿನ ಕೆಮ್ಮು ನಿಲ್ಲಿಸಿದೆ ಎಂದು ಡಾಕ್ಟರು ಹೇಳಿದರೆ ಅದು ಹೆಮ್ಮೆಯ ಮಾತು. ನಾನು ಹೇಳಿದರೆ ತಪ್ಪೊಪ್ಪಿಗೆ. ಹತ್ತು ವರ್ಷದ ಒಬ್ಬ ಹುಡುಗಿಯ ಕೆಮ್ಮನ್ನು ನಾನು ಮದ್ದಿಲ್ಲದೆ, ಮಂತ್ರವಿಲ್ಲದೆ, ಬರೀ ಬಾಯಿಯಿಂದ ಎರಡು ನಿಮಿಷದಲ್ಲಿ ನಿಲ್ಲಿಸಿದೆ. ಅದನ್ನು ಮತ್ತೆ ಶುರುಮಾಡಿಸಲು ಪಟ್ಟ ಪಾಡು ಈ ಬರಹ.

ನಾನು ಪುತ್ತೂರಿನಲ್ಲಿ ಫಿಸಿಯೋಥೆರಪಿಸ್ಟ್. ಈ ಕಡೆ ಹಾಗೆಂದರೆ ಜನ ಮೊದಲು ಮೊಣಕಾಲು ತೋರಿಸುತ್ತಾರೆ, ಆಮೇಲೆ ಸೊಂಟ. "ಎಣ್ಣೆ ನೀವೇ ತರ್ತೀರಾ, ನಾವು ಕೊಡ್ಬೇಕಾ?" ಎಂದು ಕೇಳಿದವರೂ ಇದ್ದಾರೆ. ನನ್ನ ಇನ್ನೊಂದು ಕೆಲಸಕ್ಕೆ ಸಂಬಳವಿಲ್ಲ: ಮಿಮಿಕ್ರಿ. ಸುಳ್ಯದ ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುವವರಿಂದ ಹಿಡಿದು ನನ್ನ ಸ್ವಂತ ಅಮ್ಮನವರೆಗೆ ಯಾರನ್ನೂ ಬಿಟ್ಟವನಲ್ಲ. ನನ್ನನ್ನೂ ಬಿಟ್ಟಿಲ್ಲ. ಗಂಭೀರವಾಗಿ ಏನಾದರೂ ಹೇಳಹೊರಟರೆ ನನ್ನ ಸ್ವರ ಹರೆಯದ ಹುಂಜದಂತೆ ನಡುವಿನಲ್ಲಿ ಒಡೆಯುತ್ತದೆ. ಅದನ್ನು ನನಗಿಂತ ಚೆನ್ನಾಗಿ ಯಾರೂ ಮಾಡಲಾರರು. ಆದರೆ ನನ್ನ ವಿಶೇಷ ಐಟಂ ಕೆಮ್ಮು. ಕೆಮ್ಮು ಕೇಳಿಸಿ ಆಸಾಮಿ ಯಾರೆಂದು ಹೇಳಿಸುವುದು ಕಾಲೇಜಿನಿಂದಲೂ ನನಗೆ ಚಪ್ಪಾಳೆ ತಂದ ವಿದ್ಯೆ.

ಒಂದು ದಿನ ನಮ್ಮ ಆಸ್ಪತ್ರೆಯ ಮಕ್ಕಳ ಡಾಕ್ಟರ್ ಮೇಡಂ ನನ್ನನ್ನು ಕರೆದು ಒಂದು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದರು. ಪೆರಾಬೆಯ ಕಡೆಯ ಹುಡುಗಿ. ರೋಗಾಣುಗಳ ಜೊತೆ ಹೋರಾಡುವ ಪ್ರತಿಕಾಯಗಳು ಅವಳ ರಕ್ತದಲ್ಲಿ ಹುಟ್ಟಿನಿಂದಲೇ ತಯಾರಾಗುವುದಿಲ್ಲ. ಅಪ್ಪನಲ್ಲೊಂದು ಅಮ್ಮನಲ್ಲೊಂದು ದೋಷದ ಎಳೆ ಅಡಗಿದ್ದು, ಅವರಿಬ್ಬರಿಗೂ ಏನೂ ಆಗದೆ, ಎರಡೂ ಇವಳಲ್ಲಿ ಬಂದು ಸೇರಿವೆ. ಅದು ಪತ್ತೆಯಾಗುವ ಹೊತ್ತಿಗೆ ನಾಲ್ಕು ಸಲ ನ್ಯುಮೋನಿಯಾ ಆಗಿತ್ತು. ಈಗ ತಿಂಗಳಿಗೊಮ್ಮೆ ಪುತ್ತೂರಿಗೆ ಬಂದು ಅರ್ಧ ದಿನ ಮಲಗಿ, ಬೇರೆಯವರ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳನ್ನು ಡ್ರಿಪ್‌ನಲ್ಲಿ ಹಾಕಿಸಿಕೊಂಡು ಹೋಗುತ್ತಾಳೆ.

"ಅದು ಹೊಸ ರೋಗವನ್ನು ತಡಿತದೆ," ಎಂದರು ಮೇಡಂ. "ಹಳೇ ರೋಗ ಮಾಡಿಟ್ಟು ಹೋದದ್ದು ಇಲ್ಲಿ ಉಂಟು ನೋಡು." ಬಲ ಶ್ವಾಸಕೋಶದ ಕೆಳಭಾಗದಲ್ಲಿ ಗಾಳಿಯ ಕೊಳವೆಗಳು ಹಿಗ್ಗಿ ಸಡಿಲವಾಗಿದ್ದವು. ಬಿಗಿಯಾದ ಕೊಳವೆ ಕಫವನ್ನು ಮೇಲಕ್ಕೆ ತಳ್ಳುತ್ತದೆ. ಸಡಿಲವಾದದ್ದರಲ್ಲಿ ಅದು ಅಲ್ಲೇ ಕೂರುತ್ತದೆ, ತೋಟದ ಪೈಪಿನ ತಗ್ಗಿನಲ್ಲಿ ಕೆಸರು ಕೂತ ಹಾಗೆ. ಕೂತ ಕಫದಲ್ಲಿ ರೋಗಾಣು ಬೆಳೆದು ಇನ್ನಷ್ಟು ಕೊಳವೆ ಕೆಡುತ್ತದೆ. ಮಂಗಳೂರಿನ ಸರ್ಜನ್ ಮೂರು ತಿಂಗಳ ಗಡುವು ಕೊಟ್ಟಿದ್ದರು. ಆಮೇಲೆ ಮತ್ತೊಂದು ಸ್ಕ್ಯಾನ್. ಕೆಟ್ಟಿದ್ದರೆ ಆ ಭಾಗವನ್ನು ಕೊಯ್ದು ತೆಗೆಯುವುದು.

"ಅಷ್ಟರೊಳಗೆ ದಿನಾ ಎರಡು ಸಲ ಆ ಕಫ ಹೊರಗೆ ಬರ್ಬೇಕು. ಅಮ್ಮನಿಗೆ ಕಲಿಸಿ ಬಾ. ವಾರಕ್ಕೆ ಮೂರು ದಿನ ನೀನೇ ಹೋಗು. ತಮಾಷೆ ಕಡಿಮೆ ಮಾಡು."

ಕೊನೆಯ ವಾಕ್ಯವನ್ನು ನಾನು ಸ್ಕೂಟರಿನಲ್ಲಿ ಕಡಬದ ದಾರಿಯುದ್ದಕ್ಕೂ ಮೇಡಂನ ಸ್ವರದಲ್ಲೇ ಹೇಳಿಕೊಂಡು ಹೋದೆ. ಸ್ವರ ಚೆನ್ನಾಗಿ ಕೂತಿತು. ಅರ್ಥ ಕೂರಲಿಲ್ಲ.

ಮನೆಯಲ್ಲಿ ಮೂವರು. ಅಪ್ಪ ಬೆಳಗ್ಗಿನ ಜಾವಕ್ಕೆ ನೆಲ್ಯಾಡಿಯ ಕಡೆ ರಬ್ಬರ್ ಟ್ಯಾಪಿಂಗಿಗೆ ಹೋಗುವವರು. ಅಮ್ಮ ಮೊದಲು ಬೀಡಿ ಕಟ್ಟುತ್ತಿದ್ದರು. ಹೊಗೆಸೊಪ್ಪಿನ ಪುಡಿ ಮನೆಯಲ್ಲಿ ಹಾರಬಾರದೆಂದು ಬಿಟ್ಟಿದ್ದರು. ಅವರು ನನ್ನನ್ನು "ಡಾಕ್ಟ್ರೇ" ಎಂದರು. ಅಲ್ಲ ಎಂದು ಮೂರು ಸಲ ಹೇಳಿದೆ. ನಾಲ್ಕನೆಯ ಸಲ ಸುಮ್ಮನಾದೆ, ಕೇಳಲು ಹಿತವಾಗಿತ್ತು. ಹುಡುಗಿ ಮಾತ್ರ ಬಾಗಿಲ ಸಂದಿನಲ್ಲಿ ನಿಂತು, ನನ್ನ ಚೀಲದಲ್ಲಿ ಸೂಜಿ ಇದೆಯೇ ಎಂದು ನೋಡುತ್ತಿದ್ದಳು. ಹತ್ತಿರ ಬರಲೇ ಒಪ್ಪಲಿಲ್ಲ.

ಆಗ ನಾನು ನನ್ನ ವಿದ್ಯೆ ತೆಗೆದೆ. ಜಗಲಿಯಲ್ಲಿ ನೆರೆಮನೆಯ ಇಬ್ಬರು ಮಕ್ಕಳೂ ಬಂದು ಕೂತಿದ್ದರು, ಪ್ರೇಕ್ಷಕರಿದ್ದರೆ ನನಗೆ ತಡೆಯುವುದಿಲ್ಲ. ಬೀಡಿ ಸೇದುವ ಅಜ್ಜನ ಕೆಮ್ಮು, ಮೈಕಿನ ಮುಂದೆ ಭಾಷಣಕ್ಕೆ ನಿಂತವರ ಕೆಮ್ಮು, ಚಿಲ್ಲರೆ ಕೇಳುವ ಮೊದಲು ಕಂಡಕ್ಟರ್ ಕೆಮ್ಮುವ ಕೆಮ್ಮು. ಹುಡುಗಿ ನಕ್ಕಳು. ನಕ್ಕದ್ದಕ್ಕೆ ಅವಳಿಗೇ ಕೆಮ್ಮು ಬಂತು: ಒದ್ದೆ, ಆಳದ್ದು, ಗೊರಗೊರ ಎನ್ನುವಂಥದ್ದು. ನಾನು ಅದನ್ನೂ ಮಾಡಿ ತೋರಿಸಿದೆ. ಗೊರಗೊರಕ್ಕೆ ಗೊರಗೊರ, ಕೊನೆಗೆ ಏರು ಹತ್ತುವ ಬಸ್ಸಿನಂತೆ ಒಂದು ಎಳೆತ ನನ್ನ ಕಡೆಯಿಂದ ಸೇರಿಸಿ. ಮಕ್ಕಳು ಬಿದ್ದು ಬಿದ್ದು ನಕ್ಕರು. ಅಮ್ಮನೂ ನಕ್ಕರು. ಹುಡುಗಿ ನಗಲಿಲ್ಲ, ಆದರೆ ಬಂದು ಮಲಗಿದಳು. ಗೆದ್ದೆ ಎಂದುಕೊಂಡೆ.

ಕೆಲಸದ ಕ್ರಮ ಹೀಗೆ. ಊಟಕ್ಕೆ ಮೊದಲು, ಹೊಟ್ಟೆ ಖಾಲಿಯಿರುವಾಗ, ಉಪ್ಪುನೀರಿನ ಹಬೆಯನ್ನು ಮಾಸ್ಕಿನಲ್ಲಿ ಹತ್ತು ನಿಮಿಷ ಎಳೆದುಕೊಳ್ಳಬೇಕು, ಕಫ ತೆಳ್ಳಗಾಗುತ್ತದೆ. ಆಮೇಲೆ ಎಡಮಗ್ಗುಲಾಗಿ ಮಲಗಿ ಸೊಂಟದ ಕೆಳಗೆ ಎರಡು ದಿಂಬು, ತಲೆ ತಗ್ಗಿನಲ್ಲಿ. ಬಲಪಕ್ಕೆಯ ಕೆಳಭಾಗದ ಮೇಲೆ ತೆಳು ಟವೆಲು ಹಾಕಿ, ಅಂಗೈಯಲ್ಲಿ ನೀರು ಹಿಡಿದಂತೆ ಗುಳಿ ಮಾಡಿಕೊಂಡು ತಟ್ಟಬೇಕು. ಸರಿಯಾಗಿ ತಟ್ಟಿದರೆ ಡೊಬ್ ಡೊಬ್ ಎನ್ನುತ್ತದೆ, ನೋವಿಲ್ಲ. ಚಟ್ ಎಂದರೆ ಕೈ ಚಪ್ಪಟೆಯಾಗಿದೆ ಎಂದರ್ಥ. ಐದು ನಿಮಿಷದ ನಂತರ ಕವುಚಿ ಮಲಗಿ ಬೆನ್ನಿನ ಕಡೆಯಿಂದ ಮತ್ತೆ ಐದು. ಕೊನೆಗೆ ಎದ್ದು ಕೂತು, ಕನ್ನಡಕದ ಗಾಜಿಗೆ ಹಬೆ ಹಾಯಿಸುವಂತೆ ಬಾಯಿ ಅಗಲ ತೆರೆದು ಜೋರಾಗಿ 'ಹಾ' ಎಂದು ಉಸಿರು ಬಿಡಬೇಕು, ಎರಡು ಮೂರು ಸಲ. ಕಫ ಮೇಲೆ ಬಂದದ್ದು ಗೊತ್ತಾದಾಗ ಕೆಮ್ಮಿ, ಅಳತೆಯ ಗೆರೆ ಹಾಕಿದ, ಮುಚ್ಚಳವಿರುವ ಕಪ್ಪಿಗೆ ಉಗುಳಬೇಕು. ಎಷ್ಟು ಬಂತು, ಯಾವ ಬಣ್ಣ ಎಂದು ಅಮ್ಮ ಪುಸ್ತಕದಲ್ಲಿ ಬರೆಯಬೇಕು.

ಬೀಡಿ ಕಟ್ಟಿದ ಬೆರಳುಗಳು ಬಲು ಚುರುಕು, ಅಂಗೈ ಮಾತ್ರ ಹಟ ಹಿಡಿಯಿತು. ಚಟ್, ಚಟ್. "ಮಗಳಿಗೆ ಹೊಡೆದ ಹಾಗೆ ಆಗ್ತದಲ್ಲ ಡಾಕ್ಟ್ರೇ," ಎಂದು ಅವರು ಕೈ ಹಿಂದೆ ತೆಗೆಯುತ್ತಿದ್ದರು. ದಿಂಬಿನ ಮೇಲೆ ಅಭ್ಯಾಸ ಮಾಡಿಸಿ, ಎಂಟನೆಯ ದಿನಕ್ಕೆ ಡೊಬ್ ಎನಿಸಿದೆ.

ಮೊದಲ ವಾರ ಕಪ್ಪಿನಲ್ಲಿ ಮೂರನೆಯ ಗೆರೆಯವರೆಗೆ ಹಳದಿ ಕಫ. ಎರಡನೆಯ ವಾರ ಒಂದನೆಯ ಗೆರೆ. ಆಮೇಲೆ ತಳ ಒದ್ದೆಯಾಗುವಷ್ಟು. ಮನೆಯವರಿಗೆ ಖುಷಿ. "ಕೆಮ್ಮೇ ಇಲ್ಲ ಈಗ," ಎಂದರು ಅಪ್ಪ, ನನಗೆ ಒಂದು ಬಾಳೆಗೊನೆ ಕಟ್ಟಿಕೊಡುತ್ತ. ನಾನು ಅದನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಮೆರವಣಿಗೆಯಲ್ಲಿ ಹೋದವನಂತೆ ಪುತ್ತೂರಿಗೆ ಹೋಗಿ ಮೇಡಂಗೆ ವರದಿ ಒಪ್ಪಿಸಿದೆ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದ್ದೀಯಾ ಎಂದು ಅವರು ಕೇಳಿದರು. ಪುಸ್ತಕ ನೋಡಿದ್ದೇನೆ ಎಂದೆ.

ಮೂರನೆಯ ವಾರದ ಕೊನೆಗೆ ಹುಡುಗಿಗೆ ಜ್ವರ ಬಂತು. ಎಕ್ಸ್‌ರೇಯಲ್ಲಿ ಬಲಗಡೆಯ ಕೆಳಭಾಗ ಬೆಳ್ಳಗೆ. ಕಫ ಕಡಿಮೆಯಾಗಿರಲಿಲ್ಲ, ಒಳಗೇ ಇತ್ತು. ಹತ್ತು ದಿನ ಆಸ್ಪತ್ರೆಯಲ್ಲಿ, ನರಕ್ಕೆ ಆಂಟಿಬಯೋಟಿಕ್. ಮೂರು ತಿಂಗಳಲ್ಲಿ ಒಂದು ತಿಂಗಳು ಹೋಗಿಯೇಬಿಟ್ಟಿತು.

ಜ್ವರ ಇಳಿದ ದಿನ ಅಮ್ಮ ಚಹಾ ತರಲು ಕೆಳಗೆ ಹೋದಾಗ ನಾನು ಮಂಚದ ಪಕ್ಕ ಕೂತೆ.

"ಮನೆಯಲ್ಲಿ ಕಫ ಬರ್ತಿರ್ಲಿಲ್ವಾ?"

"ಬರ್ತಿತ್ತು."

"ಮತ್ತೆ?"

"ಗಂಟಲಲ್ಲೇ ಹಿಡಿತಿದ್ದೆ. ಸ್ವಲ್ಪ ನುಂಗಿದ್ರೆ ಕೆಮ್ಮು ನಿಲ್ತದೆ. ಅಭ್ಯಾಸ ಆಗಿದೆ ನಂಗೆ."

"ಎಂತಕ್ಕೆ ಮಾರಾಯ್ತಿ?"

ಅವಳು ಡ್ರಿಪ್ಪಿನ ಕೊಳವೆ ನೋಡುತ್ತ ಹೇಳಿದಳು: "ಶಾಲೆಯಲ್ಲಿ ನಾನು ಒಳಗೆ ಬಂದ ಕೂಡ್ಲೇ ಎಲ್ರೂ ನನ್ನ ಕೆಮ್ಮು ಕೆಮ್ತಾರೆ. ನೀವು ಮಾಡಿದ ಹಾಗೇ. ಕೊನೆಗೆ ಬಸ್ಸಿನ ಹಾಗೆ ಎಳಿತೀರಲ್ಲ, ಅದು ಸಮೇತ."

ಬಸ್ಸಿನ ಎಳೆತ ಅವಳದಲ್ಲ. ನಾನು ಸೇರಿಸಿದ್ದು. ಜಗಲಿಯಲ್ಲಿ ಕೂತಿದ್ದ ಇಬ್ಬರು ಮಕ್ಕಳು ಅದನ್ನು ಶಾಲೆಗೆ ಕೊಂಡುಹೋಗಿದ್ದರು. ನನ್ನ ಜೀವಮಾನದಲ್ಲಿ ಅಷ್ಟು ಬೇಗ ಹರಡಿದ ಐಟಂ ಇನ್ನೊಂದಿಲ್ಲ.

ಮೇಡಂಗೆ ಹೇಳಲೇಬೇಕಿತ್ತು. ಹೇಳುವಾಗ ಎಂದಿನಂತೆ ಸ್ವರ ಒಡೆಯಿತು, ಈ ಸಲ ಅದು ಐಟಂ ಆಗಿರಲಿಲ್ಲ. ಬೇರೆಯವರನ್ನು ಕಳಿಸಿ ಎಂದು ಕೇಳಿಕೊಂಡೆ.

"ಬೇರೆಯವ್ರು ಇದ್ದಿದ್ರೆ ಮೊದಲೇ ನಿನ್ನನ್ನು ಕಳಿಸ್ತಿರ್ಲಿಲ್ಲ," ಎಂದರು. "ಕಫ ಹೊರಗೆ ತೆಗಿ ಅಂತ ಕಳಿಸಿದ್ರೆ ಒಳಗೆ ಹಾಕಿ ಬಂದಿದ್ದಿ. ಇನ್ನು ಎರಡು ತಿಂಗಳು ಉಂಟು. ತೆಗಿ."

ನಾನು ಹಟಕ್ಕೆ ಬಿದ್ದೆ. ವಾರಕ್ಕೆ ಮೂರು ದಿನದ ಬದಲು ಆರು ದಿನ ಹೋಗತೊಡಗಿದೆ. ಪ್ರತಿ ಸಲ ಮೊದಲು ಎದೆಗೆ ಸ್ಟೆತಾಸ್ಕೋಪ್, ಆಮೇಲೆ ಕಪ್ಪು, ಕೊನೆಗೆ ಪುಸ್ತಕ. ಮಿಮಿಕ್ರಿ ಬಂದ್. ಗಂಭೀರವಾಗಿ ಹೋಗಿ, ಗಂಭೀರವಾಗಿ ತಟ್ಟಿ, ಗಂಭೀರವಾಗಿ ಬಂದೆ. ನಾಲ್ಕು ದಿನ ಕಪ್ಪಿನ ತಳ ಮಾತ್ರ ಒದ್ದೆ. ಐದನೆಯ ದಿನ ಅವಳೇ ಅಮ್ಮನಿಗೆ ಹೇಳಿದಳು, "ಈ ಅಣ್ಣ ಸುಮ್ಮನೆ ಇದ್ರೆ ಹೆದ್ರಿಕೆ ಆಗ್ತದೆ. ನಂಗೆ ಜೋರಾಗಿದೆಯಾ ಅಂತ."

ಕ್ಷಮೆ ಕೇಳಿದೆ. "ಆಯ್ತು" ಎಂದಳು. ಕೆಮ್ಮಲಿಲ್ಲ. ಕೆಮ್ಮಿನ ಸ್ಪರ್ಧೆ ಇಡೋಣ ಎಂದೆ. ಅದರಲ್ಲಿ ನಾನೇ ಗೆದ್ದೆ. ಇದಕ್ಕಿಂತ ದಡ್ಡ ಗೆಲುವು ಉಂಟೇ?

ಸ್ಕೂಟರಿನಲ್ಲಿ ವಾಪಸು ಬರುವಾಗ ಒಂದು ವಿಷಯ ಹೊಳೆಯಿತು. ನಾನು ಇಷ್ಟು ವರ್ಷ ಊರಿಡೀ ಜನರನ್ನು ಅನುಕರಿಸಿದ್ದೇನೆ, ನನ್ನನ್ನೂ ಅನುಕರಿಸಿಕೊಂಡಿದ್ದೇನೆ. ಆದರೆ ಬೇರೊಬ್ಬರು ನನ್ನನ್ನು ಅನುಕರಿಸಲು ನಾನು ಒಮ್ಮೆಯೂ ಬಿಟ್ಟಿಲ್ಲ. ಯಾರಾದರೂ ಶುರುಮಾಡುವ ಮೊದಲೇ ನಾನೇ ಮಾಡಿ ಮುಗಿಸುತ್ತಿದ್ದೆ. ಮರುದಿನ ನೆರೆಮನೆಯ ಅದೇ ಇಬ್ಬರು ಮಕ್ಕಳನ್ನು ಕರೆಸಿ ಜಗಲಿಯಲ್ಲಿ ಕೂರಿಸಿದೆ. ಹುಡುಗಿಗೆ ಹೇಳಿದೆ: "ಇವತ್ತು ನೀನು ಫಿಸಿಯೋ, ನಾನು ರೋಗಿ. ನನ್ನ ಹಾಗೇ ಮಾಡ್ಬೇಕು."

ಅವಳು ಎರಡು ನಿಮಿಷ ಯೋಚಿಸಿ ಒಳಗೆ ಹೋದಳು. ಬರುವಾಗ ನನ್ನ ಚೀಲ ಅವಳ ಹೆಗಲಲ್ಲಿತ್ತು, ಒಂದು ಭುಜ ಇಳಿದಿತ್ತು, ಮೂಗು ಮೇಲೆ. "ಹಂ, ಈಗ ನೋಡುವಾ," ಎಂದಳು, ಸ್ವರ ನಡುವಿನಲ್ಲಿ ಒಡೆಯುವಂತೆ. ಮಕ್ಕಳು ಕಿರುಚಿ ನಕ್ಕರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನನ್ನನ್ನು ದಿಂಬಿನ ಮೇಲೆ ತಲೆ ತಗ್ಗಿಸಿ ಮಲಗಿಸಿ ತಟ್ಟಿದಳು. ಮೂರು ನಿಮಿಷಕ್ಕೆ ಕಣ್ಣಿಗೆ ರಕ್ತ ಇಳಿದಂತಾಯಿತು. ಅವಳು ಇದನ್ನು ದಿನಕ್ಕೆರಡು ಸಲ ಮಾಡುತ್ತಿದ್ದಳು. "ಕೆಮ್ಮಿ," ಎಂದಳು. ಕೆಮ್ಮಿದೆ. ಅಷ್ಟೂ ಐಟಂಗಳ ಒಡೆಯನ ಸ್ವಂತ ಕೆಮ್ಮು ತೆಳ್ಳಗೆ, ಬೆಕ್ಕು ಸೀನಿದಂತೆ ಬಂತು. ಅವಳು ತಕ್ಷಣ ಅದನ್ನು ಮಾಡಿ ತೋರಿಸಿದಳು. ಮಕ್ಕಳಿಬ್ಬರೂ ಮಾಡಿದರು. ನನ್ನ ಕಿವಿ ಬಿಸಿಯಾಯಿತು. ಎರಡನೆಯ ಸಲ ಕೆಮ್ಮುವಾಗ ನಾನೇ ಬಾಯಿ ಬಿಗಿಹಿಡಿದದ್ದು ನನಗೆ ಗೊತ್ತಾಯಿತು. ಇಪ್ಪತ್ತಾರು ವರ್ಷದವನಿಗೆ, ಮೂರು ಮಕ್ಕಳ ಎದುರು.

"ಎಂತ, ನುಂಗಿದ್ರಾ?" ಎಂದು ಅವಳು ಕೇಳಿದಳು.

"ಹೌದು."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಏಳಿ, ಈಗ ನನ್ನ ಸರದಿ. ಇವ್ರು ಇಲ್ಲೇ ಇರ್ಲಿ," ಎಂದಳು.

ಹಬೆ, ತಟ್ಟುವುದು, ಕವುಚುವುದು, 'ಹಾ', 'ಹಾ'. ಮೂರನೆಯ 'ಹಾ'ಕ್ಕೆ ಒಳಗಿನಿಂದ ಗೊರಗೊರ ಎದ್ದಿತು. ಈ ಸಲ ಹಿಡಿಯಲಿಲ್ಲ. ನಿಜವಾದ ಕೆಮ್ಮು ನನ್ನ ಐಟಮಿನಷ್ಟು ಚಿಕ್ಕದಲ್ಲ. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ನಿಂತು, ಮತ್ತೆ ಶುರುವಾಗಿ, ಕೊನೆಗೆ ಕಪ್ಪಿಗೆ ಹಸಿರು ಹಳದಿಯ ಒಂದು ಗಟ್ಟಿ ಮುದ್ದೆ ಬಿತ್ತು. ಯಾರೂ ನಗಲಿಲ್ಲ.

"ನೋವಾಗ್ತದಾ?" ಎಂದು ನೆರೆಮನೆಯ ಹುಡುಗ ಕೇಳಿದ.

"ನೀನು ನಗಾಡಿದ್ರೆ ಆಗ್ತದೆ."

ಮರುದಿನ ಶಾಲೆಗೆ ಹೋದೆ. ಅಲ್ಲಿ ಅವಳನ್ನು ಕೊನೆಯ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದ್ದರು, ಕೆಮ್ಮು ಬೇರೆಯವರಿಗೆ ಹರಡಬಾರದೆಂದು. ಕ್ಲಾಸ್ ಟೀಚರಿಗೆ ವಿಷಯ ಬಿಡಿಸಿ ಹೇಳಿದೆ: ಅವಳ ಕಾಯಿಲೆ ಹುಟ್ಟಿನಿಂದ ಬಂದದ್ದು, ಯಾರಿಗೂ ಅಂಟುವುದಲ್ಲ, ಬೇರೆಯವರ ಶೀತ ಅವಳಿಗೆ ತಾಗಿದರೆ ಅಪಾಯ ಅವಳಿಗೆ. ಟೀಚರ್ ಆ ಕೊನೆಯ ಬೆಂಚಿನ ಕಡೆ ನೋಡಿದರು. "ನಾವು ತಿರುಗಾಮುರುಗಾ ಮಾಡಿದ್ದೆವು ಹಾಗಾದ್ರೆ," ಎಂದರು. ಅಂದಿನಿಂದ ಅವಳು ಕಿಟಕಿಯ ಪಕ್ಕದ ಎರಡನೆಯ ಬೆಂಚಿಗೆ ಬಂದಳು. ಶೀತವಾದವರು ಕೊನೆಯ ಬೆಂಚಿಗೆ. ಕೆಮ್ಮು ಬಂದರೆ ಯಾರನ್ನೂ ಕೇಳದೆ ಕಪ್ಪು ಹಿಡಿದು ಜಗಲಿಗೆ ಹೋಗಿಬರಬಹುದು. ತರಗತಿಯ ಎದುರು ನಿಂತು, ಆ ಕೆಮ್ಮಿನ ಐಟಂ ನನ್ನದು, ನಾನು ಮಾಡಿದ್ದು ತಪ್ಪು, ಇನ್ನು ಯಾರೂ ಮಾಡಬಾರದು ಎಂದೆ. ಒಂದು ಹುಡುಗಿ ಎದ್ದು, "ಕಂಡಕ್ಟರಿಂದು ಮಾಡ್ಬಹುದಾ ಸರ್?" ಎಂದಳು. ಅದಕ್ಕೆ ಅನುಮತಿ ಕೊಟ್ಟೆ.

ಕಪ್ಪಿನಲ್ಲಿ ಗೆರೆಗಳು ಮತ್ತೆ ಏರಿದವು: ಎರಡು, ಮೂರು, ಒಂದು ದಿನ ನಾಲ್ಕು. ಇದನ್ನು ನೋಡಿ ಸಂತೋಷಪಡುವ ಉದ್ಯೋಗ ಜಗತ್ತಿನಲ್ಲಿ ನಮ್ಮದೊಂದೇ ಇರಬೇಕು. ನಡುವೆ ಕೊಲ್ಲಮೊಗ್ರಿನಲ್ಲಿ ಅವಳ ಅಮ್ಮನ ತವರಿನ ಗೃಹಪ್ರವೇಶ ಬಂತು. ಮೂರು ದಿನ ಬಿಟ್ಟರೆ ಏನಾಗುತ್ತದೆ ಎಂದು ಅಪ್ಪ ಕೇಳಿದರು. ಕೂತುಬಿಡುತ್ತದೆ ಎಂದೆ. ಹಬೆಯ ಯಂತ್ರ ಹಿಡಿದು ನಾನೂ ಹೋದೆ. ದಿಂಬೆಲ್ಲ ನೆಂಟರ ತಲೆಯಡಿಯಲ್ಲಿದ್ದುದರಿಂದ ಮಡಚಿದ ಕಂಬಳಿಗಳ ಮೇಲೆ ಹುಡುಗಿಯನ್ನು ಮಲಗಿಸಿದೆವು. ತಟ್ಟಿದ್ದು ನಾನಲ್ಲ, ಅಮ್ಮ. ಡೊಬ್ ಡೊಬ್ ಸದ್ದು ಕೇಳಿ ಒಬ್ಬರು ಅಜ್ಜಿ ಓಡಿಬಂದರು.

"ಕಾಯಿಲೆಯ ಮಗುವಿಗೆ ಹೊಡೆಯುದಾ ನೀನು?"

"ಹೊಡೆಯುದಲ್ಲ ಚಿಕ್ಕಮ್ಮ," ಎಂದರು ಅಮ್ಮ, ಕೈ ನಿಲ್ಲಿಸದೆ. "ಹೊಡೆದ್ರೆ ಸದ್ದು ಬೇರೆ ಬರ್ತದೆ. ಕಲಿಲಿಕ್ಕೆ ಎಂಟು ದಿನ ಬೇಕಾಯ್ತು ನಂಗೆ."

ಎರಡನೆಯ ತಿಂಗಳ ಕೊನೆಗೆ ಮತ್ತೆ ಜ್ವರ. ಆದರೆ ಈ ಸಲ ಅಮ್ಮ ಪುಸ್ತಕದಲ್ಲಿ ಎರಡು ದಿನ ಮೊದಲೇ 'ಹಸಿರು, ವಾಸನೆ' ಎಂದು ಬರೆದು ನನಗೆ ಫೋನ್ ಮಾಡಿದ್ದರು. ಕಫವನ್ನು ಅಂದೇ ಪರೀಕ್ಷೆಗೆ ಕಳಿಸಿ, ಯಾವ ರೋಗಾಣು ಎಂದು ನೋಡಿ ಮೇಡಂ ಮದ್ದು ಬದಲಿಸಿದರು. ಎಕ್ಸ್‌ರೇ ತಿಳಿಯಾಗಿಯೇ ಇತ್ತು. ಮೂರೇ ದಿನದಲ್ಲಿ ಮನೆಗೆ. ಪುಸ್ತಕ ನೋಡಿ ಮೇಡಂ ಅಮ್ಮನ ಬೆನ್ನು ತಟ್ಟಿದರು. ನನ್ನನ್ನು ನೋಡಿ ಏನೂ ಹೇಳಲಿಲ್ಲ. ಅವರ ಲೆಕ್ಕದಲ್ಲಿ ಅದು ಹೊಗಳಿಕೆ.

ಮೂರು ತಿಂಗಳು ತುಂಬಿದ ವಾರ ಮಂಗಳೂರಿಗೆ ಹೋದೆವು. ಸರ್ಜನ್ ಹಳೆಯ ಸ್ಕ್ಯಾನನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಕೆಟ್ಟಿಲ್ಲ. ಕಟ್ಟಿಕೊಂಡಿದ್ದ ಕಫ ಸುಮಾರು ಹೋಗಿದೆ. ಆದ್ರೆ ಸಡಿಲವಾದ ಕೊಳವೆ ಬಿಗಿಯಾಗುದಿಲ್ಲ, ಅದು ಹಾಗೇ ಇರ್ತದೆ. ಈಗ ಎರಡು ದಾರಿ ಉಂಟು. ಹೀಗೇ ಮುಂದುವರಿಸುದು. ಅಥವಾ ಆ ಭಾಗ ತೆಗೆಯುದು. ಉಳಿದ ಶ್ವಾಸಕೋಶ ಈಗ ಚೆನ್ನಾಗಿದೆ, ಆಪರೇಶನ್ ತಡ್ಕೊಳ್ತಾಳೆ. ಒತ್ತಾಯ ಇಲ್ಲ, ನೀವು ಹೇಳಿ."

ಒತ್ತಾಯವಿಲ್ಲ ಎಂಬ ಮಾತೇ ಕಷ್ಟದ್ದಾಯಿತು. ಅಪ್ಪ ತಲೆ ತಗ್ಗಿಸಿ ಕೂತಿದ್ದರು. "ಒಮ್ಮೆ ತೆಗೆದು ಮುಗಿಸಿಬಿಡುವಾ ಅಂತ ನಂಗೆ," ಎಂದರು ಮೆಲ್ಲಗೆ. "ಇವಳು ಬೆಳಿಗ್ಗೆ ಬೆಳಿಗ್ಗೆ ಕೆಮ್ಮುದು ನೋಡ್ಲಿಕ್ಕೆ ಆಗುದಿಲ್ಲ ಡಾಕ್ಟ್ರೇ." ಅಮ್ಮ ನನ್ನ ಮುಖ ನೋಡಿದರು. ಈ ಕಾಯಿಲೆಯಲ್ಲಿ ನಾಳೆ ಇನ್ನೊಂದು ಭಾಗ ಕೆಟ್ಟರೆ ಎಷ್ಟೆಂದು ಕೊಯ್ಯುವುದು, ಇರುವುದನ್ನು ಉಳಿಸಿಕೊಳ್ಳುವುದೇ ದಾರಿ ಎಂದು ನಾನು ದಾರಿಯುದ್ದಕ್ಕೂ ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ಬಾಯಿ ತೆರೆದೆ. ಆದರೆ ಅಪ್ಪನ ಮುಖವನ್ನು ಹತ್ತಿರದಿಂದ ನೋಡಿದ ಮೇಲೆ, ಅದನ್ನು ಹೇಳುವ ಹಕ್ಕು ನನ್ನದಲ್ಲ ಎನ್ನಿಸಿತು.

ಸರ್ಜನ್ ಹುಡುಗಿಯ ಕಡೆ ತಿರುಗಿದರು. "ನೀನು ಹೇಳಮ್ಮ. ದಿನಾ ಎರಡು ಸಲ ತಲೆ ಕೆಳಗೆ ಮಾಡಿ ಮಲಗುದು, ಕೆಮ್ಮುದು, ಉಗುಳುದು. ಅದೂ ಜೀವಮಾನ ಇಡೀ. ಬೇಜಾರು ಬರುದಿಲ್ವಾ ನಿಂಗೆ?"

ಅವಳು ಉತ್ತರ ಕೊಟ್ಟ ಮೇಲೆ ಸರ್ಜನ್ ಫೈಲು ಮುಚ್ಚಿ ಆರು ತಿಂಗಳ ನಂತರದ ದಿನಾಂಕ ಬರೆದುಕೊಟ್ಟರು. ಅಪ್ಪ ಆಪರೇಶನ್ನಿನ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಅವಳು ಹೇಳಿದ್ದನ್ನು ನನ್ನದೊಂದು ಎಳೆತವನ್ನೂ ಸೇರಿಸದೆ ಇದ್ದ ಹಾಗೇ ಬರೆಯುತ್ತೇನೆ:

"ಹಲ್ಲು ಉಜ್ಜುದೂ ದಿನಾ ಬೇಜಾರೇ ಡಾಕ್ಟ್ರೇ. ಹಾಗಂತ ನೀವು ಹಲ್ಲು ಕೀಳಿಸಿಕೊಂಡಿದ್ದೀರಾ?"